ಬಾಡಿಗೆದಾರಳ ಸಹಿ

ಜನವರಿ ಬಂತೆಂದರೆ ವೈಟ್‌ಫೀಲ್ಡಿನ ಕಂಪನಿಗಳಲ್ಲಿ ಸುಳ್ಳಿನ ಸುಗ್ಗಿ. ತೆರಿಗೆ ಉಳಿಯಬೇಕಾದರೆ ಮನೆಬಾಡಿಗೆಯ ರಸೀದಿ ಕೊಡಿ ಎಂದು ಆಫೀಸಿನಿಂದ ಮೇಲ್ ಬರುತ್ತದೆ. ಅಪ್ಪನ ಮನೆಯಲ್ಲಿರುವವನು ಅಪ್ಪನಿಗೆ ಬಾಡಿಗೆ ಕೊಟ್ಟೆ ಅನ್ನುತ್ತಾನೆ, ಅತ್ತೆಯ ಮನೆಯಲ್ಲಿರುವವನು ಅತ್ತೆಗೆ. ಮೇಘಾ ತಾನು ಕೂಡಿ ಬಾಳುತ್ತಿದ್ದ ಈರೇಶನಿಗೆ ಕೊಟ್ಟೆ ಅಂದಳು. ಎಲ್ಲರೂ ಮಾಡುವ ಕಳ್ಳತನವನ್ನು ಯಾರೂ ಕಳ್ಳತನ ಅನ್ನುವುದಿಲ್ಲ ನೋಡಿ.

ವರ್ತೂರಿನ ಆ ಫ್ಲ್ಯಾಟನ್ನು ಇಬ್ಬರೂ ಕೂಡಿಯೇ ಕೊಂಡಿದ್ದರು. "ತಂಗಿ ಮದುವೆ ಆಗ್ಲಿ, ಆಮೇಲೆ ನಮ್ದು" ಎಂದು ಈರೇಶ ಮುಂದೂಡುತ್ತಿದ್ದ ಕಾಲ ಅದು. ಮದುವೆಯಾಗದ ಜೋಡಿಗೆ ಜಂಟಿ ಸಾಲ ರಗಳೆ ಎಂದು ಬ್ಯಾಂಕಿನವನು ಮುಖ ಸಿಂಡರಿಸಿದ. ಸಾಲವೂ ನೋಂದಣಿಯೂ ಈರೇಶನ ಹೆಸರಿಗಾದವು. ಕಂತಿನ ಅರ್ಧ ಮಾತ್ರ ಪ್ರತಿ ತಿಂಗಳು ಮೇಘಾಳ ಖಾತೆಯಿಂದ ಹೋಗುತ್ತಿತ್ತು.

"ಹೆಂಗಿದ್ರೂ ಕಳಿಸ್ತೀಯಲ್ಲ, ಬಾಡಿಗೆ ಅಂತ ಹಾಕು. ಟ್ಯಾಕ್ಸಾದ್ರೂ ಉಳಿಯುತ್ತೆ" ಎಂದು ಉಪಾಯ ಹೇಳಿದವನು ಈರೇಶ. ಆಗ ಅವನ ಮನಸ್ಸಿನಲ್ಲಿ ಮೋಸವಿರಲಿಲ್ಲ, ಅದನ್ನು ಒಪ್ಪಬೇಕು. ಛಾಪಾಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಬರೆಸಿದರು. ಅವನು ಮಾಲೀಕ, ಅವಳು ಬಾಡಿಗೆದಾರಳು. ಸಹಿ ಹಾಕುವಾಗ ಇಬ್ಬರೂ ಬಿದ್ದುಬಿದ್ದು ನಕ್ಕರು. "ಏನ್ ಓನರ್ರೇ, ನಲ್ಲಿ ಸೋರ್ತಿದೆ, ಯಾವಾಗ ರಿಪೇರಿ?" ಎಂದು ಮೇಘಾ ಆ ವರ್ಷವೆಲ್ಲ ಅವನನ್ನು ರೇಗಿಸಿದಳು. ಆಮೇಲೆ ನಗು ಹಳತಾಯಿತು. ಕರಾರು ಮಾತ್ರ ಆರು ವರ್ಷ ಹೊಸದಾಗುತ್ತಲೇ ಹೋಯಿತು.

ಗದಗದಿಂದ ಈರೇಶನ ತಾಯಿ ಶಿವಲಿಂಗಮ್ಮ ಬಂದಾಗ ಅದೇ ಸುಳ್ಳು ಉಪಯೋಗಕ್ಕೆ ಬರುತ್ತಿತ್ತು. ಮೇಘಾಳ ಬಟ್ಟೆಬರೆ ಚಿಕ್ಕ ಕೋಣೆ ಸೇರುತ್ತಿದ್ದವು. "ಈ ರೂಮು ಬಾಡಿಗಿ ಕೊಟ್ಟೀನಿ ಯವ್ವಾ" ಎಂದು ಮಗ ಹೇಳುತ್ತಿದ್ದ. ಆಕೆ ಏನೂ ಕೇಳದೆ, ತಂದ ಕಟಕ ರೊಟ್ಟಿ ಶೇಂಗಾ ಚಟ್ನಿಯಲ್ಲಿ ಬಾಡಿಗೆಯ ಹುಡುಗಿಗೂ ಒಂದು ಪಾಲು ಎತ್ತಿಡುತ್ತಿದ್ದರು. ಇನ್ನು ಚಿತ್ರದುರ್ಗದಲ್ಲಿದ್ದ ಮೇಘಾಳ ಅಪ್ಪ ಅಮ್ಮನ ಪಾಲಿಗೆ ಮಗಳು ಇಂದಿಗೂ ಪಿಜಿಯಲ್ಲಿದ್ದಾಳೆ.

ಈ ಬೇಸಿಗೆಯಲ್ಲಿ ಈರೇಶ ಊರಿಗೆ ಹೋದವನು ಹುಬ್ಬಳ್ಳಿಯ ಹುಡುಗಿಯನ್ನು ಒಪ್ಪಿಕೊಂಡು ಬಂದ. ಮೇಘಾ ಅತ್ತಳು, ಕಿರುಚಿದಳು, ಕೊನೆಗೆ ಮನೆಯ ಮಾತೆತ್ತಿದಳು. ಅವನು ತಲೆ ತಗ್ಗಿಸಿಯೇ ಹೇಳಿದ: "ಅಗ್ರಿಮೆಂಟ್ ಪ್ರಕಾರ ಎರಡು ತಿಂಗಳು ಟೈಮ್ ಇದೆ. ಆರಾಮಾಗಿ ಬೇರೆ ಮನೆ ನೋಡ್ಕೋ." ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವಳನ್ನು ತೆಗೆದುಹಾಕಿದ. ಮರುದಿನವೇ ಅವಳು ವಕೀಲರನ್ನು ಹುಡುಕಿಕೊಂಡು ಹೋದಳು.

ವರ್ತೂರಿನಲ್ಲೇ ಕಚೇರಿ ಇಟ್ಟಿದ್ದ ವಕೀಲ ಗುರುರಾಜ್ ಮೊದಲು ಆಸೆ ಹುಟ್ಟಿಸಿದರು. "ಮದುವೆ ಆಗ್ದಿದ್ರೂ ದಾರಿ ಇದೆ ಮೇಡಂ. ಗಂಡ ಹೆಂಡ್ತಿ ಥರಾನೇ ಇದ್ವಿ, ಮನೆಗೆ ನಾನೂ ದುಡ್ಡು ಹಾಕಿದೀನಿ ಅಂತ ತೋರಿಸ್ಬೇಕು, ಅಷ್ಟೆ." ಅವಳು ಬ್ಯಾಂಕಿನ ಹಾಳೆಗಳನ್ನು ಮುಂದಿಟ್ಟಳು. ಪುಟಪುಟದಲ್ಲೂ ಒಂದೇ ಪದ: ಬಾಡಿಗೆ. ಅಪಾರ್ಟ್‌ಮೆಂಟ್ ಸಂಘದ ಪಟ್ಟಿಯಲ್ಲೂ ಅವಳು ಬಾಡಿಗೆದಾರಳೇ.

"ಇದೆಲ್ಲ ಸುಳ್ಳು ಸಾರ್. ಟ್ಯಾಕ್ಸ್ ಉಳಿಸೋಕೆ ಬರೆದಿದ್ದು."

"ಅದನ್ನ ಹೇಳಿದ್ರೆ ಆರು ವರ್ಷ ತೆರಿಗೆಯವರಿಗೆ ಮೋಸ ಮಾಡ್ದೆ ಅಂತ ನೀವೇ ಒಪ್ಕೊಂಡ ಹಾಗಾಯ್ತಲ್ಲ ಮೇಡಂ?"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗುರುರಾಜ್ ಕನ್ನಡಕ ತೆಗೆದು ಒರೆಸಿ, "ನೀವಿಬ್ರೂ ಸಂಸಾರ ಮಾಡಿದ್ದನ್ನ ಕಣ್ಣಾರೆ ಕಂಡೋರು ಯಾರಾದ್ರೂ ಹೇಳ್ತಾರಾ? ಅವರ ಮನೆಯೋರೇ ಆದ್ರೆ ಗಟ್ಟಿ ನಿಲ್ಲುತ್ತೆ" ಅಂದರು.

ಮರುವಾರ ಮದುವೆಯ ಸೀರೆ ಕೊಳ್ಳಲು ಶಿವಲಿಂಗಮ್ಮ ಬಂದರು. ಈರೇಶ ಆಫೀಸಿಗೆ ಹೋದ ಮೇಲೆ ಅಡುಗೆಮನೆಯ ನೆಲದ ಮೇಲೆ ಹೆಸರುಕಾಳು ಹರಡಿಕೊಂಡು ಆರಿಸುತ್ತ ಕೂತರು. ಮೇಘಾ ಎದುರಿಗೆ ಕೂತಳು.

"ಅಮ್ಮಾ, ನಾನು ಬಾಡಿಗೆಯೋಳಲ್ಲ. ಆರು ವರ್ಷ ನಿಮ್ಮ ಮಗನ ಜೊತೆ ಸಂಸಾರ ಮಾಡಿದೀನಿ. ಈ ಮನೆಗೆ ಅರ್ಧ ಕಂತು ನಾನೇ ಕಟ್ಟಿದೀನಿ."

ಶಿವಲಿಂಗಮ್ಮ ಕಲ್ಲೊಂದನ್ನು ಹೆಕ್ಕಿ ಬದಿಗಿಟ್ಟರು. "ಗೊತ್ತೈತಿ."

"ಯಾವಾಗಿಂದ ಅಮ್ಮಾ?"

"ಮೊದಲ್ನೇ ಸಲ ಬಂದಾಗ ಗೊತ್ತಾತು. ಅಂವ ಅರ್ಧ ಕುಡಿದಿಟ್ಟ ಚಾ ನೀ ಎತ್ತಿ ಕುಡದಿ. ಬಾಡಿಗಿ ಇದ್ದಾಕಿ ಮಾಲಕನ ಎಂಜಲಾ ಕುಡೀತಾಳೇನ್ ಯವ್ವಾ?"

ಹೋದ ಜೀವ ಬಂದಂತಾಯಿತು. ಮೇಘಾ ಆಕೆಯ ಎರಡೂ ಕೈ ಹಿಡಿದುಕೊಂಡಳು. "ಅಷ್ಟೇ ಹೇಳಿ ಸಾಕು ಅಮ್ಮಾ. ವಕೀಲರ ಮುಂದೆ ಅಷ್ಟೇ ಹೇಳಿ."

ಶಿವಲಿಂಗಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಕಣ್ಣಲ್ಲಿ ನೀರಿತ್ತು, ಅದೇನೂ ನಾಟಕದ ನೀರಲ್ಲ. "ನೀ ಛಲೋ ಹುಡುಗಿ. ಸೊಸಿ ಆಗಿ ಬಂದಿದ್ರ ನಾ ಒಲ್ಲೆ ಅಂತಿದ್ದಿಲ್ಲ. ನನ್ನ ಮಗ ಒಂದ್ ಮಾತು ಕೇಳಲೇ ಇಲ್ಲ. ಆದ್ರ ಹೆತ್ತವರಿಗೆ ಹೆಗ್ಗಣ ಮುದ್ದವಾ. ನಾಳೆ ಕೋರ್ಟಿನಾಗ ನನ್ನ ಕೇಳಿದ್ರ, ಈ ಹುಡುಗಿ ಬಾಡಿಗಿ ಇದ್ಲು, ತಿಂಗಳಾ ತಿಂಗಳಾ ತಪ್ಪದ ಬಾಡಿಗಿ ಕೊಡ್ತಿದ್ಲು ಅಂತ ಲಿಂಗಾ ಮುಟ್ಟಿ ಹೇಳ್ತೀನಿ."

ಈರೇಶ ತಾಯಿಯನ್ನು ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಈಗ ಅದನ್ನು ನೆನೆದು ಮಾಡುವುದೇನು? ಮೇಘಾಳ ಕೈ ತಾನಾಗಿ ಸಡಿಲಾಯಿತು.

ಶಿವಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಬಹಳ ಮೆತ್ತಗೆ ಕೇಳಿದರು: "ಮದಿವಿಕಿಂತ ಮೊದ್ಲ ಖಾಲಿ ಮಾಡ್ತಿಯಲ್ಲ?"

"ಮಾಡ್ತೀನಿ" ಅಂದಳು ಮೇಘಾ.