ನೈರೋಬಿಯ ಎರಡು ಕೆಂಪು ಗೀಟು

ಟಪಾಲು ಹೊತ್ತ ಹಕ್ಕಿಗಳು ಕಡಲು ದಾಟುತ್ತಿದ್ದ ಕಾಲದಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರಂತೆ. ಅಜ್ಜಿ ರಾಜೀವಿ ಇಷ್ಟು ಹೇಳಿದರೆ ಸಾಕು, ನಾನು ಮಲಾಡಿನ ನಮ್ಮ ಕಿಟಕಿಯಾಚೆ ರೆಕ್ಕೆ ಹುಡುಕುತ್ತಿದ್ದೆ.

ತಮ್ಮ ದೂಜ, ಅಜ್ಜಿಯ ಅಪ್ಪ, ಬಾಂದ್ರಾದಲ್ಲಿ ಹೋಟೆಲಿಟ್ಟಿದ್ದರು. ಅಣ್ಣ ಅಪ್ಪಿ ಆಫ್ರಿಕಾದ ಸರೋವರದಂಚಿನ ಊರಲ್ಲಿದ್ದರು. 1951ರಲ್ಲಿ ತಾಯಿ ಹಾಸಿಗೆ ಹಿಡಿದಾಗ ದೂಜ ಏರ್‌ಮೇಲ್ ಕಳಿಸಿದರು. ಅದು ತಲುಪುವಾಗ ತಾಯಿ ತೀರಿ ಹದಿಮೂರನೇ ದಿನವೂ ಕಳೆದಿತ್ತು. ಲಕೋಟೆಯ ನೀಲಿ ಏರ್‌ಮೇಲ್ ಚೀಟಿಯ ಮೇಲೆ ಎರಡು ಕೆಂಪು ಗೀಟು. ದೂಜನ ಹೋಟೆಲಿನ ಬೋರ್ಡಿನಲ್ಲಿ ಮುಗಿದ ತಿಂಡಿಗೆ ಹಾಗೆಯೇ ಎರಡು ಕೆಂಪು ಗೀಟು ಎಳೆಯುತ್ತಿದ್ದರು. ತಮ್ಮನೇ ಏರ್‌ಮೇಲ್ ಹೊಡೆದುಹಾಕಿ ಬೇಕೆಂದೇ ಹಡಗಿಗೆ ಹಾಕಿದ್ದಾನೆಂದು ಅಪ್ಪಿ ನಂಬಿದರು. ಮುಂಬಯಿಗೆ ಮರಳಿದ ದಿನ ಲಕೋಟೆಯನ್ನು ತಮ್ಮನ ಮುಂದೆ ಎಸೆದು ಹೋದರು. ಅಂದಿನಿಂದ ಆಂಟಾಪ್ ಹಿಲ್‌ನ ಅವರ ಮನೆಯವರು ನಮ್ಮಲ್ಲಿ ನೀರೂ ಮುಟ್ಟಿಲ್ಲ. ಅಪ್ಪಿಯ ಮಗಳು ವಾರಿಜರನ್ನು ನಮ್ಮನೆಯಲ್ಲಿ ಊಟಕ್ಕೆ ಕೂರಿಸುತ್ತೇನೆಂದು ನಾನು ಅಜ್ಜಿಗೆ ಮಾತು ಕೊಟ್ಟೆ.

ಆ ಗೀಟಿನ ಗುಟ್ಟು ತಿಳಿಯಲು ಮೂರು ವರ್ಷಗಳ ಕಾಲ ಹಳೆಯ ಲಕೋಟೆಗಳನ್ನೇ ಕೂಡಿಹಾಕಿದೆ. ಸ್ಟಾಂಪು ಬಿಟ್ಟು ಮುದ್ರೆ ಕೇಳುವ ಹುಡುಗಿಯೆಂದು ಫೋರ್ಟಿನ ಫುಟ್‌ಪಾತಿನಲ್ಲಿ ಹಳೆಯ ಸ್ಟಾಂಪು ಮಾರುವವರು ನಗುತ್ತಿದ್ದರು. ಅಲ್ಲಿಯೇ ಸಿಕ್ಕವರು ಶರಣಬಸಪ್ಪ, ಟಪಾಲು ವಿಂಗಡಿಸಿ ನಿವೃತ್ತರಾದವರು. ನಮ್ಮ ಲಕೋಟೆಯನ್ನು ಬೆಳಕಿಗೆ ಹಿಡಿದು ಹೇಳಿದರು: "ಇದು ಬರದವ್ರ ಗೀಟಲ್ಲ ತಂಗಿ, ರಬ್ಬರ್ ಠಸ್ಸೆ. ವಿಮಾನದ ದಾರಿ ಮುಗಿದಲ್ಲಿ ಟಪಾಲಿನವ್ರ ಹೊಡಿತಿದ್ರು. ಮುಂದ ರೈಲು, ದೋಣಿ. ಅದಕ್ಕ ತಡ."

ಹಿಂಬದಿಯಲ್ಲಿ ಮಸುಕಾಗಿ ನೈರೋಬಿಯ ಮುದ್ರೆಯಿತ್ತು, ಬಾಂಬೆಯ ಮುದ್ರೆಯಾದ ಮೂರನೇ ದಿನದ್ದು. ಕಾಗದ ವಿಮಾನದಲ್ಲೇ ಹಾರಿತ್ತು. ಆದರೆ ಆಂಟಾಪ್ ಹಿಲ್‌ನವರು ನನ್ನ ಬಾಯಿಮಾತು ನಂಬಬೇಕಲ್ಲ. ಕೆಳಗಿನ ಗೀಟಿನ ತುದಿಯಲ್ಲಿ ಇಲಿ ಕಚ್ಚಿದಂಥ ಒಂದು ಕಚ್ಚು ಇತ್ತು. ಅದೇ ಠಸ್ಸೆಯ ಅದೇ ಕಚ್ಚು ಬಿದ್ದ, ಬೇರೆಯವರ ಇನ್ನೊಂದು ಲಕೋಟೆಗಾಗಿ ಹುಡುಕಿದೆ. ಕಳೆದ ತಿಂಗಳು ಸಿಕ್ಕಿತು. ಪುಣೆಯ ಬಟ್ಟೆ ವ್ಯಾಪಾರಿಯೊಬ್ಬರು ಅದೇ ವರ್ಷ ಅದೇ ಊರಿಗೆ ಬರೆದದ್ದು.

ಎರಡನ್ನೂ ಹಿಡಿದು ಆಂಟಾಪ್ ಹಿಲ್‌ಗೆ ಹೋದೆ. ವಾರಿಜ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಎರಡೂ ಲಕೋಟೆ, ಒಂದು ಭೂತಗನ್ನಡಿ ಕೈಗಿಟ್ಟೆ. ಎರಡರ ಕಚ್ಚನ್ನೂ ಹೋಲಿಸಿ ನೋಡಿದರು.

"ಈ ಪುಣೆಯವನಿಗೂ ದೂಜನೇ ಗೀಟು ಎಳೆದದ್ದಾ?"

"ಇಲ್ಲ. ಅವರಿಗೆ ಈ ವ್ಯಾಪಾರಿ ಯಾರೆಂದೇ ಗೊತ್ತಿರಲಿಲ್ಲ."

"ಹಾಗಾದರೆ ನಾವು ಎಪ್ಪತ್ತು ವರ್ಷ ಯಾವನೋ ಟಪಾಲಿನವನ ಮೇಲಿನ ಸಿಟ್ಟಿಗೆ ರಾಜೀವಿಯ ಮನೆ ಊಟ ಬಿಟ್ಟದ್ದು." ಸೊಸೆಯನ್ನು ಕರೆದು ಒಳ್ಳೆಯ ಸೀರೆ ತೆಗೆಯಲು ಹೇಳಿದರು. "ಟ್ಯಾಕ್ಸಿ ಮಾಡು ಮಗಾ, ಲೋಕಲ್ ನನ್ನಿಂದಾಗದು."

ದಾರಿಯುದ್ದಕ್ಕೂ ಖುಷಿಗೆ ನಾನು ನೆಲದ ಮೇಲಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಅಜ್ಜಿ ಕುಚ್ಚಲಕ್ಕಿ ಅನ್ನ ಬಡಿಸಿದರು. ವಾರಿಜ ಸಾರು ಕಲಸಿ, ಮೊದಲ ತುತ್ತು ಬಾಯಿಗಿಟ್ಟರು.