ಹೊಳೆವ್ವನ ಉಪವಾಸದ ಪಟ್ಟಿ

೧
ಎಲ್ಲಿಂದ ಶುರು ಮಾಡಲಿ, ಹೇಳಿ. ‘ಸಾವಿರದ ಒಂಬೈನೂರ ಐವತ್ತಾರು, ಬೆಳವಣಕಿಯ ಎರೆಹೊಲ’ ಎಂದು ಬರೆದರೆ ಸರಕಾರಿ ರಿಪೋರ್ಟಿನಂತೆ ಕೇಳುತ್ತದೆ. (ಈ ಕಥೆಯ ಸಂಕಟವೂ ಒಂದು ರಿಪೋರ್ಟೇ, ಇರಲಿ.) ಹರಿದು ಹಾಕಿದೆ. ಹೊಳೆವ್ವನಿಂದಲೇ ಶುರು ಮಾಡುತ್ತೇನೆ.

೨
ಹೊಳೆವ್ವನ ಹೊಲದಲ್ಲಿ ಕೃಷಿ ಸಂಶೋಧನೆಯವರು ಮೂರು ವರ್ಷದಿಂದ ಹತ್ತಿಯ ಪ್ರಯೋಗ ನಡೆಸಿದ್ದರು. ಹೊಲ, ಕೆಲಸ ಅವಳದು. ಬೀಜ, ಲೆಕ್ಕಾಚಾರ ಅವರದು. ಹೊಲವನ್ನು ಉದ್ದಕ್ಕೆ ನಾಲ್ಕು ಪಟ್ಟಿ ಮಾಡಿದ್ದರು. ಮೂರಕ್ಕೆ ಬೇರೆ ಬೇರೆ ಗೊಬ್ಬರ, ನಾಲ್ಕನೆಯದಕ್ಕೆ ಏನೂ ಇಲ್ಲ.

“ಇದಕ್ಕ್ಯಾಕ ಇಲ್ಲೋ ತಮ್ಮಾ?” ಎಂದು ಅಳತೆ ಬರೆಯುವ ಪ್ರಭುಲಿಂಗಪ್ಪನನ್ನು ಕೇಳಿದ್ದಳು.

“ಹೇಳಿದಷ್ಟ ಮಾಡ ಯವ್ವಾ.”

ಪಾಪ, ಸಂಶೋಧನೆಯ ಸಾಹೇಬರು ಅವನಿಗೂ ಅಷ್ಟೇ ಹೇಳಿದ್ದರು.

೩
ಮೊದಲ ವರ್ಷದ ಶೀಗಿ ಹುಣ್ಣಿಮೆ ಬಂತು. ಬಸುರಿ ಭೂಮಿತಾಯಿಗೆ ಉಣಬಡಿಸುವ ದಿನ. ಹೊಲದ ತುಂಬ ಎಡೆಯ ಚರಗ ಚೆಲ್ಲುತ್ತ ಹೋದವಳಿಗೆ ಬಿಳಿಚಿಕೊಂಡ ನಾಲ್ಕನೆಯ ಪಟ್ಟಿ ನೋಡಿ ಸುಮ್ಮನೆ ದಾಟಿ ಹೋಗಲಾಗಲಿಲ್ಲ. ಬುಟ್ಟಿಗಟ್ಟಲೆ ಕುರಿಗೊಬ್ಬರ ತಂದು ಹಾಕಿದಳು. ಮೂರೂ ವರ್ಷ ಹಾಕಿದಳು.

(ಮೊದಲ ಕರಡಿನಲ್ಲಿ ಅವಳು ಗಂಡನಿಗೆ ಹೆದರಿ ಕದ್ದು ಹಾಕುತ್ತಿದ್ದಳು. “ಇಲ್ಲದ್ದ್ಯಾಕ ಬರಿತೀರಿ? ಹಾಡಹಗಲ ಹಾಕೀನಿ” ಎಂದು ನನ್ನನ್ನೇ ಗದರಿದಳು. ಆ ಸಾಲು ಹೊಡೆದು ಹಾಕಿದೆ.)

೪
ಸಾಹೇಬರು ಬಂದರು. ಕಾಗದ ನೋಡಿದರು. ನಾಲ್ಕೂ ಪಟ್ಟಿಯ ಇಳುವರಿ ಹೆಚ್ಚುಕಡಿಮೆ ಒಂದೇ.

“ಈ ಮಣ್ಣಿಗೆ ಗೊಬ್ಬರ ಬೇಕಾಗಿಲ್ಲ. ರೋಣ, ನರಗುಂದದ ಕಡೆಗೆಲ್ಲ ಹಾಂಗಂತ ಪ್ರಿಂಟ್ ಮಾಡಿ ಹಂಚೋಣು.”

ನಾಲ್ಕನೆಯ ಪಟ್ಟಿಗೂ ಗೊಬ್ಬರ ಬಿದ್ದದ್ದು ಸಾಹೇಬರಿಗೆ ಗೊತ್ತಿಲ್ಲ, ಹೊಳೆವ್ವನಿಗೆ ಗೊತ್ತು. ಸುಮ್ಮನಿದ್ದರೆ ಊರೂರಿನ ಹೊಲ ಉಪವಾಸ. ಬಾಯಿಬಿಟ್ಟರೆ ಪಟ್ಟಿಗಳ ಮೇಲೆ ಕಣ್ಣಿಡಬೇಕಿದ್ದ ಪ್ರಭುಲಿಂಗಪ್ಪನ ನೌಕರಿ ಹೋಗುತ್ತದೆ. ಮೂರು ವರ್ಷ ಅವಳ ಕೈಯ ರೊಟ್ಟಿ ತಿಂದವನು.

೫
ಮುಕ್ತಾಯ ಒಂದು: ಅವಳು ಸುಮ್ಮನಿದ್ದಳು. (ನನ್ನಿಂದ ಬರೆಯಲಾಗಲಿಲ್ಲ.)

ಮುಕ್ತಾಯ ಎರಡು: ಸಾಹೇಬರು ತಪ್ಪು ತಮ್ಮದೆಂದು ಕೈಮುಗಿದರು. (ಆ ಕಾಲದ ಸಾಹೇಬರು? ನೀವೇ ನಗುತ್ತೀರಿ.)

ಮೂರನೆಯದನ್ನು ಹುಡುಕುತ್ತಿದ್ದಾಗ ಹೊಳೆವ್ವ ನನ್ನತ್ತ ತಿರುಗಿದಳು.

“ಇಷ್ಟೊತ್ತು ನನ್ನ ಕೈಲೆ ಎಲ್ಲಾ ಮಾಡಿಸಿದ್ರಿ. ಆ ಪಟ್ಟಿ ಯಾಕ ಉಪವಾಸ ಇಡಬೇಕಿತ್ತು ಅಂತ ನೀವರ ಹೇಳಿದ್ರೇನು? ನೀವೂ ಅವರ ಪೈಕಿನ ಬಿಡ್ರಿ.”

ನಾಚಿಕೆಯಾಯಿತು. ಹೇಳಿದೆ: ಒಂದಕ್ಕೆ ಏನೂ ಹಾಕದೆ ಬಿಟ್ಟರೆ ಮಾತ್ರ, ಹಾಕಿದ್ದರಿಂದ ಉಳಿದವಕ್ಕೆ ಎಷ್ಟು ಲಾಭವಾಯಿತೆಂದು ತಿಳಿಯುತ್ತದೆ.

ಅವಳು ನಾಲ್ಕನೆಯ ಪಟ್ಟಿಯ ಕಡೆ ಕೈ ತೋರಿಸಿದಳು.

“ಇಷ್ಟನ? ಮೊದಲ ಹೇಳಿದ್ರ, ಒಬ್ಬರೂ ಒಂದ್ ಹಿಡಿ ಗೊಬ್ಬರ ಹಾಕಲಾರದಂಗ ನಾನ ಕಾವಲ ಕುಂದರ್ತಿದ್ನಲ್ಲರಿ.”

೬
ಸೆರಗು ಬಿಗಿದು ನೇರ ಸಾಹೇಬರ ಮುಂದೆ ಹೋಗಿ ನಿಂತಳು. “ಸಾಹೇಬ್ರ, ನಾಕನೇದಕ್ಕ ಗೊಬ್ಬರ ಹಾಕಿದಾಕಿ ನಾನು. ಇಂವಗ ಗೊತ್ತಿಲ್ಲ. ಯಾಕ ಹಾಕಬಾರದಂತ ನಮಗಿಬ್ಬರಿಗೂ ಯಾರೂ ಹೇಳಿಲ್ರಿ.”

ಸಾಹೇಬರ ಪೆನ್ನು ನಿಂತಿತು. ಪ್ರಭುಲಿಂಗಪ್ಪ ಅಳತೆಯ ಹಗ್ಗ ಹಿಡಿದು ಅವರ ಮುಖವನ್ನೇ ನೋಡುತ್ತಿದ್ದಾನೆ. ನೀವೂ ನನ್ನ ಮುಖ ನೋಡಬೇಡಿ. ಯಾಕೆ ಹೇಳಲಿಲ್ಲವೆಂಬ ಇದೊಂದು ಮಾತನ್ನು ನಾನು ಬರೆದುಕೊಡುವುದಿಲ್ಲ, ಸಾಹೇಬರೇ ಬಾಯಿಬಿಟ್ಟು ಹೇಳಲಿ.