ನಾಸೋಸನ ನಲವತ್ತನೆಯ ದಿನ

"ಹಿಂಗಾ ಒಣಗಿಸೋದು, ಮುಂಡೇದೇ? ನೀರು ಸೋರ್ತಾ ಇದೆ! ಸಂಜೆಗೆ ಹಳಸಿಕೊಂಡ್ರೆ ಬಂದೋರ ಬಾಯಿಗೆ ಏನಿಡ್ಲಿ, ನಿನ್ನ ತಲೇನಾ?"

ಗ್ರೀಕ್ ಹೋಟೆಲಿನ ಧಣಿ ಸ್ಟೆರ್ಗಿಯೋಸ್ ಬೇಯಿಸಿದ ಗೋಧಿಯನ್ನು ಒಂದು ಹಿಡಿ ಎತ್ತಿ ಹಿಂಡಿ, ಮೇಜುಬಟ್ಟೆಯ ಮೇಲೆ ಎಸೆದ. ಹಾಯ್ರಿಯೆ ಒಣಬಟ್ಟೆ ತಂದು ಹಾಸಿ, ಗೋಧಿಯನ್ನು ಅದರ ಮೇಲೆ ಹರಡಿ ಅಂಗೈಯಿಂದ ಮೆಲ್ಲಗೆ ಒತ್ತತೊಡಗಿದಳು. ಸತ್ತವರ ಹೆಸರಿನಲ್ಲಿ ಹಂಚುವ ಗೋಧಿ. ದಾಳಿಂಬೆ, ದ್ರಾಕ್ಷಿ, ಬಾದಾಮಿ ಬೆರೆಸಿ, ಮೇಲೆ ಸಕ್ಕರೆ ಪುಡಿ ಉದುರಿಸಿ, ಶಿಲುಬೆ ಬಿಡಿಸಬೇಕು. ಏಳು ವರ್ಷಗಳಲ್ಲಿ ಯಾರ್‍ಯಾರೋ ಗ್ರೀಕರಿಗಾಗಿ ಈ ಅಡುಗೆಮನೆಯಲ್ಲಿ ಮಾಡಿದ್ದಾಳೆ. ಇವತ್ತಿನದು ಅವಳ ಗಂಡನಿಗೆ.

ಗಂಡನ ಹೆಸರು ನ್ಯಾಜಿ. ಅಲ್ಬೇನಿಯದವನು, ಅವಳಂತೆಯೇ ಮುಸಲ್ಮಾನ. ಇಪ್ಪತ್ತರ ಹರೆಯದಲ್ಲಿ ಬೆಟ್ಟ ಹತ್ತಿ ಗಡಿ ದಾಟಿ ಗ್ರೀಸಿಗೆ ಹೋದಾಗ ಮೊದಲ ಧಣಿ, "ಆ ಹೆಸ್ರು ನನ್ನ ನಾಲಿಗೇಲಿ ಹೊರಳಲ್ಲ, ನೀನು ನಾಸೋಸ್" ಅಂದಿದ್ದ. ಆ ಹೆಸರು ಅವನ ಬೆನ್ನು ಬಿಡದೆ ಜರ್ಮನಿಯ ಡ್ಯೂಸ್‌ಬರ್ಗಿಗೂ ಬಂತು. ಇಲ್ಲಿ ಸ್ಟೆರ್ಗಿಯೋಸ್ ಅವಳಿಗೂ ಒಂದು ಕೊಟ್ಟ: ಹರೂಲಾ. ಉಕ್ಕಿನ ಕಾರ್ಖಾನೆಯ ತುರ್ಕರು, ಪಿಂಚಣಿಯ ಜರ್ಮನ್ ಮುದುಕರು, ಎಲ್ಲರಿಗೂ ನಾಸೋಸ್ ಹೆರೆದುಕೊಟ್ಟ ಮಾಂಸವೇ ಆಗಬೇಕು. ಅವನ ಊರು ಯಾವುದೆಂದು ಯಾರಾದರೂ ಕೇಳಿದರೆ ಸ್ಟೆರ್ಗಿಯೋಸ್ ತನ್ನ ಹಳ್ಳಿಯ ಹೆಸರನ್ನೇ ಹೇಳುತ್ತಿದ್ದ; ಹಾಗಾಗಿ ಸತ್ತ ಮೇಲೂ ಅವನು ಎಲ್ಲರ ಪಾಲಿಗೆ ಗ್ರೀಕ್ ಕ್ರೈಸ್ತನೇ.

ಜುಲೈಯಲ್ಲಿ ಗ್ರಿಲ್ಲಿನ ಮೇಲಿನ ಹೊಗೆ ಎಳೆಯುವ ಫ್ಯಾನು ಕೆಟ್ಟು ಐದು ವಾರವಾಗಿತ್ತು. ಆರನೇ ವಾರದ ಒಂದು ಮಧ್ಯಾಹ್ನ ನ್ಯಾಜಿ ಕತ್ತಿ ಹಿಡಿದುಕೊಂಡೇ ಕುಸಿದ. ಹಾಯ್ರಿಯೆ ಪಾತ್ರೆ ತೊಳೆಯುವ ತೊಟ್ಟಿಯಿಂದಲೇ ನೀರು ಮೊಗೆದು ಸುರಿದಳು. ಅವನು ಹೋದಾಗ ಮೀಸೆಯ ಮೇಲೆ ಸೋಪಿನ ನೊರೆ ಇತ್ತು. ಹನ್ನೊಂದು ಜನ ಸೇರಿ ಮಣ್ಣು ಮಾಡಿದರು. ಸ್ಟೆರ್ಗಿಯೋಸ್ ಬರಲಿಲ್ಲ, ಅವತ್ತು ಶನಿವಾರ, ಗಿರಾಕಿ ಜಾಸ್ತಿ.

"ಧಣಿ, ನನ್ನ ಕಾಗ್ದ," ಅಂದಳು ಹಾಯ್ರಿಯೆ, ಗೋಧಿ ಒತ್ತುತ್ತಲೇ.

ಅವಳಿಗೆ ಇಲ್ಲಿ ಕೆಲಸವಿದೆ ಎಂದು ಬರೆದ ಒಂದು ಹಾಳೆ. ನಾಳೆ, ಗುರುವಾರ, ವಿದೇಶಿಯರ ಕಚೇರಿಗೆ ಕೊಡಬೇಕು. ಅವನ ಸಹಿ ಬೀಳದಿದ್ದರೆ ತಿಂಗಳ ಕೊನೆಗೆ ಅವಳು ದೇಶ ಬಿಡಬೇಕು. ವಾರದಿಂದ ಅದು ಅವನ ಡ್ರಾಯರಿನಲ್ಲಿದೆ.

"ಹಾಕ್ತೀನಿ ಕಣೇ, ಎಲ್ಲಿ ಓಡೋಗ್ತೀನಿ? ಮೂರು ಗಂಟೆಗೆ ವಿಮೆ ಆಫೀಸಿನ ಹೆಂಗಸು ಬರ್ತಾಳೆ. ಅವನು ಹೆಂಗೆ ಸತ್ತ ಅಂತ ಕೇಳ್ತಾಳೆ, ನೀನು ತಲೆ ಆಡಿಸು. ಅವನಿಗೆ ಚಿಕ್ಕಂದಿನಿಂದ್ಲೂ ಎದೆ ಕಾಯಿಲೆ. ಅಷ್ಟೆ."

"ಅವ್ರಿಗೆ ಎದೆ ಕಾಯಿಲೆ ಇರ್ಲಿಲ್ಲ."

"ಇದ್ರೇನು, ಇಲ್ದಿದ್ರೇನು? ಈಗೇನು ಅವನಿಗೆ ನೋಯ್ತದಾ?"

ಮೊದಲು ಬಂದವರು ಪಾದ್ರಿ ಸಿಮೆಯೋನ್. ಅವಳು ಮುತ್ತಿಡಲೆಂದು ತಮ್ಮ ಕೈ ಮುಂದೆ ಚಾಚಿದರು. ಹಾಯ್ರಿಯೆ ತನ್ನ ಅಂಟು ಕೈಗಳನ್ನು ತೋರಿಸಿ ಹಿಂದೆ ಸರಿದಳು.

"ಈಯಮ್ಮನಿಗೆ ದೀಕ್ಷಾಸ್ನಾನ ಆಗಿದೆ ತಾನೆ?"

"ಆಗಿದೆ ಫಾದರ್, ಊರಲ್ಲೇ," ಅಂದ ಸ್ಟೆರ್ಗಿಯೋಸ್.

"ಗಂಡ ಹೋಗಿ ನಲವತ್ತು ದಿನ ಆಯ್ತು, ಕಣ್ಣಲ್ಲಿ ಒಂದು ಹನಿ ಕಾಣೆ. ಏನು ಹೆಂಗಸಪ್ಪಾ ಇದು! ಅದಿರ್ಲಿ, ಊಟಕ್ಕೇನಿದೆ?"

"ಕುರಿಮರಿ ಇದೆ ಫಾದರ್, ಈಗ ಇಳಿಸಿದ್ದು."

"ಬುಧವಾರ ಅಲ್ಲವೇನಯ್ಯಾ, ಉಪವಾಸ, ರಕ್ತ ಇರೋದು ತಿನ್ನೋ ಹಾಗಿಲ್ಲ. ಆಕ್ಟೋಪಸ್ ಸುಟ್ಟುಕೊಡು. ಎಳೇದಿರ್ಲಿ."

ವಿಮೆಯ ಹೆಂಗಸು ರಾಡೆಮಾಖರ್ ಹೇಳಿದ ಹೊತ್ತಿಗೇ ಬಂದಳು. ಒಳ್ಳೆಯ ಮುಖದವಳು. ಗೋಡೆಯಲ್ಲಿ ಮೇಣದಬತ್ತಿಯ ಮೇಲೆ ನೇತುಹಾಕಿದ ನ್ಯಾಜಿಯ ಫೋಟೋ ನೋಡಿದಳು, ಕೈಯಲ್ಲಿದ್ದ ಹಾಳೆ ನೋಡಿದಳು.

"ಇಲ್ಲಿ ನ್ಯಾಜಿ ಅಂತಿದೆ. ಅಲ್ಲಿ 'ನಮ್ಮ ನಾಸೋಸ್' ಅಂತ ಬರೆದಿದ್ದೀರಿ?"

"ಪ್ರೀತಿಯಿಂದ ಕರೀತಿದ್ದ ಹೆಸರು, ಮೇಡಂ," ಅಂದ ಸ್ಟೆರ್ಗಿಯೋಸ್ ಜರ್ಮನ್‌ನಲ್ಲಿ. ಹಾಯ್ರಿಯೆಯನ್ನು ಕೂರಿಸಿ, ತಾನು ಇಬ್ಬರ ನಡುವೆ ಕುರ್ಚಿ ಎಳೆದುಕೊಂಡ. "ಇವಳಿಗೆ ಜರ್ಮನ್ ಬರಲ್ಲ. ನಾನು ಹೇಳ್ತೀನಿ."

ಹೆಂಗಸು ಏನೋ ಕೇಳಿದಳು. ಅವನು ಗ್ರೀಕ್‌ಗೆ ತಿರುಗಿದ: "ಅವತ್ತು ಫ್ಯಾನು ತಿರುಗ್ತಿತ್ತಾ ಅಂತಾಳೆ. ಹೂಂ ಅನ್ನು."

"ಕೆಟ್ಟು ಐದು ವಾರ ಆಗಿತ್ತಲ್ಲ ಧಣಿ. ಬಾಗ್ಲು ತೆಗ್ದಿಟ್ಟು ಸುಮ್ನೆ ಕೆಲ್ಸ ಮಾಡು ಅಂದೋರು ನೀವೇ."

ಸ್ಟೆರ್ಗಿಯೋಸ್ ಅವಳ ಭುಜ ತಟ್ಟಿದ. "ಫ್ಯಾನು ಚೆನ್ನಾಗಿತ್ತಂತೆ, ಮೇಡಂ. ಪಾಪ, ಇನ್ನೂ ದುಃಖದಲ್ಲಿದಾಳೆ."

ಹಾಯ್ರಿಯೆಗೆ ಬರುತ್ತಿದ್ದದ್ದು ಅಡುಗೆಮನೆಯ ಜರ್ಮನ್. ಬಿಸಿ, ಬೇಗ, ತಟ್ಟೆ, ಚೆನ್ನಾಗಿದೆ, ಕೆಟ್ಟಿದೆ. ಅವನು ಹೇಳಿದ್ದನ್ನು ಹಿಡಿಯಲು ಅಷ್ಟು ಸಾಕಾಯಿತು. ಅವನನ್ನು ದಾಟಿ ಬಾಗಿ, ಆ ಹೆಂಗಸಿನ ತೋಳು ಮುಟ್ಟಿದಳು.

"ಚೆನ್ನಾಗಿಲ್ಲ. ಫ್ಯಾನು ಕೆಟ್ಟಿದೆ. ಬಿಸಿ. ತುಂಬ ಬಿಸಿ. ಗಂಡ... ಬಿಸಿ."

ರಾಡೆಮಾಖರ್ ಪೆನ್ನು ತಡೆದು ಸ್ಟೆರ್ಗಿಯೋಸನ ಕಡೆ ನೋಡಿದಳು. "ಏನಂತಿದಾರೆ?"

"ಅವನಿಗೆ ಜ್ವರ ಇತ್ತಂತೆ. ಮೈ ಸುಡ್ತಿತ್ತಂತೆ. ಫ್ಯಾನು ಕೆಟ್ಟಿರೋದು ಇವಳ ಮನೇದು, ಅದ್ನೂ ಸೇರ್ಸಿ ಹೇಳ್ತಾ ಇದಾಳೆ. ಮೊದಲೇ ಎದೆ ಕಾಯಿಲೆ ಬೇರೆ. ಕೆಲಸಕ್ಕೆ ಬರಬೇಡ ಅಂದೆ ಮೇಡಂ, ಕೇಳಲಿಲ್ಲ."

"ಅಯ್ಯೋ," ಅಂದಳು ಹೆಂಗಸು. ನಿಜವಾಗಿಯೂ ನೊಂದುಕೊಂಡು ಹಾಯ್ರಿಯೆಯ ಕೈ ಹಿಡಿದಳು. ಆಮೇಲೆ ಬರೆದಳು. ಬರೆಯುವುದು ಬಹಳ ಹೊತ್ತು ನಡೆಯಿತು. ಆಚೆ ಮೇಜಿನಲ್ಲಿ ಪಾದ್ರಿಗಳು ನಿಂಬೆಹಣ್ಣು ಹಿಂಡಿಕೊಳ್ಳುತ್ತಿದ್ದರು. ಇನ್ನು ಯಾವ ಜರ್ಮನ್ ಶಬ್ದವೂ ಹಾಯ್ರಿಯೆಯ ಬಳಿ ಇರಲಿಲ್ಲ.

ಬರೆದುಕೊಂಡ ಹೇಳಿಕೆಯ ಹಾಳೆಯನ್ನು ಅವಳ ಮುಂದೆ ತಿರುಗಿಸಿಟ್ಟು ಹೆಂಗಸು ಕೆಳಗಿನ ಗೆರೆ ತೋರಿಸಿದಳು. ಸ್ಟೆರ್ಗಿಯೋಸ್ ಎದ್ದು ಹೋಗಿ ಡ್ರಾಯರಿನಿಂದ ಇನ್ನೊಂದು ಹಾಳೆ ತಂದ. ನಿಂತಲ್ಲೇ ಸಹಿ ಹಾಕಿ, ಮೊಹರು ಒತ್ತಿ, ಅದರ ಪಕ್ಕದಲ್ಲಿಟ್ಟ.

"ನೋಡು, ಹಾಕಿದೀನಿ. ಎರಡು ವರ್ಷಕ್ಕೆ ಬರ್ದಿದೀನಿ. ನಿಂದು ಹಾಕು, ಇದನ್ನ ತಗೊಂಡು ಹೋಗು."

"ಹಾಕು ತಾಯಿ," ಅಂದರು ಪಾದ್ರಿಗಳು, ಬಾಯಲ್ಲಿ ತುತ್ತಿಟ್ಟುಕೊಂಡು. "ಹೋದವನಿಗೂ ನೆಮ್ಮದಿ."

ಹಾಯ್ರಿಯೆ ತನ್ನ ಕೆಲಸದ ಹಾಳೆಯನ್ನು ನೋಡಿದಳು. ಮೊಹರಿನ ಮಸಿ ಇನ್ನೂ ಹಸಿಯಾಗಿತ್ತು. ಪೆನ್ನನ್ನು ಒಂದು ಬೆರಳಿನಿಂದ ಆಚೆ ತಳ್ಳಿದಳು.

"ಹಾಕಲ್ಲ."

"ನಾಳೆ ಗುರುವಾರ ಕಣೇ ಬೇವರ್ಸಿ! ಊರಿಗೆ ಹೋಗಿ ಏನು ಮಣ್ಣು ತಿಂತೀಯಾ?"

"ಮಣ್ಣೇ ತಿಂತೀನಿ. ಹಾಕಲ್ಲ."